ಸತ್ತಿಲ್ಲ ಸರ್, ನಿಂತಿದೆ ಅಷ್ಟೇ

ಮಂಗಳವಾರ ಮಧ್ಯಾಹ್ನ ಟರ್ಮಿನಲ್, ಅಂದರೆ ಕಂಪ್ಯೂಟರಿಗೆ ಕಮಾಂಡ್ ಟೈಪ್ ಮಾಡುವ ವಿಂಡೋ, ಮತ್ತೆ ಕಲ್ಲಾಯಿತು. ಹೊಸದೇನಲ್ಲ ಬಿಡಿ, ಆರು ವರ್ಷದಿಂದ ವಾರಕ್ಕೊಮ್ಮೆ ಹೀಗಾಗುತ್ತಿತ್ತು. ಏನು ಒತ್ತಿದರೂ ಒಂದಕ್ಷರ ಮೂಡುವುದಿಲ್ಲ. ವಿಂಡೋ ಮುಚ್ಚಿ ಹೊಸದು ತೆರೆಯುವುದು, ಸರ್ವರ್‌ಗೆ ಮತ್ತೆ ಲಾಗಿನ್ ಆಗುವುದು, ಕಂಪ್ಯೂಟರ್ ನಡೆಸುವ ಉಬುಂಟು ಸಿಸ್ಟಮ್ಮನ್ನು ಬೈಯುವುದು. ಪಕ್ಕದ ಟೇಬಲ್ಲಿನ ಗೆಳೆಯನ ಬಳಿ ಎಲ್ಲದಕ್ಕೂ ಒಂದೇ ಮದ್ದು: "ರೀಸ್ಟಾರ್ಟ್ ಮಾಡು." ತಲೆನೋವು ಅಂದರೂ ಅದನ್ನೇ ಹೇಳುತ್ತಾನೇನೋ.

ಅವತ್ತು ಸಿಟ್ಟು ಜಾಸ್ತಿಯಾಗಿ ಕೀಬೋರ್ಡ್ ಕುಟ್ಟುತ್ತಿದ್ದೆ. ಇಂಟರ್ನ್‌ಶಿಪ್‌ಗೆ ಬರುವ ಹುಡುಗಿ ಹಿಂದೆ ನಿಂತಿದ್ದು ಗೊತ್ತೇ ಆಗಲಿಲ್ಲ. ಅರಸೀಕೆರೆಯಿಂದ ದಿನಾ ರೈಲಿನಲ್ಲಿ ಹಾಸನಕ್ಕೆ ಬರುತ್ತಾಳೆ, ಮಾತು ಕಡಿಮೆ. "ಸತ್ತಿಲ್ಲ ಸರ್, ನಿಂತಿದೆ ಅಷ್ಟೇ" ಎಂದು ನನ್ನ ಭುಜದ ಪಕ್ಕದಿಂದ ಕೈ ಚಾಚಿ ಎರಡು ಬೆರಳಲ್ಲಿ ಕಂಟ್ರೋಲ್ ಕ್ಯೂ ಒತ್ತಿದಳು.

ಅಷ್ಟೇ. ನಾನು ಕುಟ್ಟಿದ್ದೆಲ್ಲ ಒಟ್ಟಿಗೆ ಸುರಿಯಿತು. ಕೊನೆಯ ಸಾಲು: "ನಿನ್: ಕಮಾಂಡ್ ನಾಟ್ ಫೌಂಡ್." ನಾನು ಟೈಪ್ ಮಾಡಿದ್ದು 'ನಿನ್ ಮನೆ ಹಾಳಾಗ' ಅಂತ. ಅವಳು ಓದಿದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ರಾತ್ರಿ ಕೂತು ಹುಡುಕಿದೆ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಎಂಬ ಟೈಪಿಂಗ್ ಯಂತ್ರ ಸೆಕೆಂಡಿಗೆ ಹತ್ತೇ ಅಕ್ಷರ ಮುದ್ರಿಸುತ್ತಿತ್ತಂತೆ. ಕಾಗದದ ಪಟ್ಟಿ ಓದುವ ಯಂತ್ರಕ್ಕೆ 'ತಡಿ' ಅನ್ನಲು ಒಂದು ಸಂಕೇತ, 'ಹೂಂ, ನಡಿ' ಅನ್ನಲು ಇನ್ನೊಂದು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅವು 19 ಮತ್ತು 17. ಕಂಟ್ರೋಲ್ ಜೊತೆ ಒತ್ತಿದ ಅಕ್ಷರ ತನ್ನ ಸರದಿಯ ಸಂಖ್ಯೆಯನ್ನೇ ಕಳಿಸುತ್ತದೆ: ಎಸ್ ಇಂಗ್ಲಿಷಿನ ಹತ್ತೊಂಬತ್ತನೇ ಅಕ್ಷರ, ಕ್ಯೂ ಹದಿನೇಳನೆಯದು. ಯಂತ್ರಗಳು ಗುಜರಿಗೆ ಹೋದವು, ಕಂಟ್ರೋಲ್ ಎಸ್ ಒತ್ತಿದರೆ ಟರ್ಮಿನಲ್ ಮಾತ್ರ ಇವತ್ತಿಗೂ ತೆಪ್ಪಗೆ ನಿಲ್ಲುತ್ತದೆ.

ಹಾಗಾದರೆ ಒತ್ತುತ್ತಿದ್ದವನು ನಾನೇ! ಸಕಲೇಶಪುರದ ಮಳೆಗಾಲದಲ್ಲಿ ಕಂಪ್ಯೂಟರ್ ಕಲಿತವರಿಗೆ ಇದು ಅರ್ಥವಾಗುತ್ತದೆ. ಗಾಳಿಗೆ ಮರ ಬಿದ್ದರೆ ಕರೆಂಟ್ ಹೋಯಿತು, ಯುಪಿಎಸ್ ಎಲ್ಲಿತ್ತು ನಮ್ಮನೆಯಲ್ಲಿ? ಎರಡು ಪುಟ ಬರೆದದ್ದು ಒಮ್ಮೆ ಹೋದ ಮೇಲೆ ಪ್ರತಿ ಸಾಲಿಗೂ ಸೇವ್, ಅಂದರೆ ಅದೇ ಕಂಟ್ರೋಲ್ ಎಸ್, ಒತ್ತುವ ಚಾಳಿ ಬಂತು. ಈಗ ಇನ್ವರ್ಟರ್ ಇದೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ. ಬೆರಳಿಗೆ ಅದು ಗೊತ್ತಿಲ್ಲ. ಎಡಿಟರ್ ಯಾವುದು, ಟರ್ಮಿನಲ್ ಯಾವುದು ಅಂತಲೂ ನೋಡದೆ ಸುಮ್ನೆ ಒತ್ತುತ್ತದೆ.

ನನ್ನನ್ನು ಕಾಡುತ್ತಿರುವುದು ಆ ಆರು ವರ್ಷ. ಯಾರನ್ನಾದರೂ ಕೇಳಬಹುದಿತ್ತು ಅಲ್ವಾ? ಸೀನಿಯರ್ ಅನ್ನಿಸಿಕೊಂಡ ಮೇಲೆ ಇಂಥದ್ದನ್ನು ಕೇಳಲು ನಾಚಿಕೆ. ಸತ್ತಿದೆ ಅಂದುಕೊಂಡು ಎಷ್ಟು ವಿಂಡೋ ಮುಚ್ಚಿದೆನೋ! ಒಂದೊಂದರಲ್ಲೂ ಯಾವುದೋ ಕೆಲಸ ಅರ್ಧಕ್ಕೆ ನಿಂತು ಕಾಯುತ್ತಿತ್ತು. ಬಿಎಂ ರಸ್ತೆಯಲ್ಲಿ ಬೈಕ್ ಓಡಿಸುವಾಗಲೂ ಆ ಎರಡು ಬೆರಳೇ ಕಣ್ಣ ಮುಂದೆ.

ಬುಧವಾರ ಟರ್ಮಿನಲ್ಲಿನ ಸೆಟ್ಟಿಂಗ್ ಇರುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ, ಈ 'ತಡಿ, ನಡಿ'ಯನ್ನು ಆಫ್ ಮಾಡುವ 'ಎಸ್‌ಟಿಟಿವೈ -ಐಎಕ್ಸ್‌ಒಎನ್' ಎಂಬ ಒಂದು ಸಾಲು ಸೇರಿಸಿದೆ. ಇನ್ನು ನಿಲ್ಲುವುದಿಲ್ಲ. ಆದರೆ ಬೆರಳು ಕೇಳಬೇಕಲ್ಲ! ಈಗ ಕಂಟ್ರೋಲ್ ಎಸ್ ಒತ್ತಿದರೆ 'ಐ-ಸರ್ಚ್' ಅಂತ ಬಂದು, ಹಳೆಯ ಕಮಾಂಡ್ ಯಾವುದು ಬೇಕು ಅಂತ ಕಾಯುತ್ತದೆ. ಅದರಿಂದ ಹೊರಬರುವುದು ಹೇಗೆ ಅಂತ ನಿನ್ನೆ ಅವಳನ್ನೇ ಕೇಳಿದೆ. "ಕಂಟ್ರೋಲ್ ಸಿ ಸರ್" ಅಂದಳು. ಈ ಸಲ ನಕ್ಕಳು.