ಗಾಯದ ಕಾರ್ಡ್: ಏಳನೇ ತಿಂಗಳು, ನಾಲ್ಕನೇ ಆವೃತ್ತಿ

ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಬಂದ ಮೇಲೆ ಕಾರ್ಡಿನ ನಾಲ್ಕನೇ ಆವೃತ್ತಿ ಪ್ರಿಂಟ್ ತೆಗೆದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡು ಭಾಗ, ಮಧ್ಯೆ ಹರಿದು ಬೇರೆ ಮಾಡಲು ತೂತಿನ ಸಾಲು. ಪೆನ್ಸಿಲಿನಲ್ಲಿ ತುಂಬಿ, ಬಕೆಟ್ ನೀರಿನಲ್ಲಿ ಅದ್ದಿ, ಕೆಸರು ಮೆತ್ತಿ, ಮತ್ತೆ ತೊಳೆದು ನೋಡಿದೆ. ಬರೆದದ್ದು ಹಾಗೇ ಇದೆ. ಮೂರು ಆವೃತ್ತಿ ಕೆಟ್ಟ ಮೇಲೆ ಸಿಕ್ಕಿದ್ದು, ತುಂಬಾ ಖುಷಿ ಆಯ್ತು.

ಹಿಂದಿನ ಟಿಪ್ಪಣಿ ಓದದವರಿಗೆ ಮೊದಲಿನಿಂದ ಹೇಳುತ್ತೇನೆ. ನಾನು ಎಮರ್ಜೆನ್ಸಿ ವಿಭಾಗದ ವೈದ್ಯ. ಪ್ರವಾಹ, ಭೂಕಂಪ, ಬಿರುಗಾಳಿ ಆದಾಗ ಗಾಯಗೊಂಡವರಿಗೆ ಕೆಲವು ದಿನ ಕಳೆದು ಬರುವ ಸೋಂಕು ನನ್ನ ಸಂಶೋಧನೆಯ ವಿಷಯ. ಅದರಲ್ಲಿ ಒಂದು ಚಿಕ್ಕ ತುಂಡು ಈ ಕಾರ್ಡ್. ಗಾಯಾಳುವಿನ ಜೊತೆಗೇ ಹೋಗುವ ಚೀಟಿ, ಅಷ್ಟೇ.

ಶುರುವಾಗಿದ್ದು ಒಬ್ಬ ರೋಗಿಯಿಂದ. ಪ್ರವಾಹ ಇಳಿದು ಆರನೇ ದಿನ ಬಂದರು. ಮೊಣಕಾಲಿನ ಕೆಳಗೆ ಒಂದು ಗಾಯ, ಅದಕ್ಕೆ ನೀಟಾಗಿ ಹೊಲಿಗೆ ಹಾಕಿದ್ದರು. ಹೊಲಿಗೆಯ ಸುತ್ತ ಚರ್ಮ ಕಪ್ಪಾಗಿತ್ತು, ಕಾಲು ಊದಿತ್ತು, ಉಸಿರು ಜೋರಾಗಿತ್ತು, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತಿರಲಿಲ್ಲ. ಗಾಯ ಯಾವತ್ತು ಆಯ್ತು, ಯಾವ ನೀರಿನಲ್ಲಿ ನಿಂತಿದ್ದರು, ಟಿಟಿ (ಧನುರ್ವಾಯು ಲಸಿಕೆ) ಕೊಟ್ಟಿದ್ದಾರಾ, ಔಷಧ ಏನು ಕೊಟ್ಟರು, ಒಂದೂ ಗೊತ್ತಿಲ್ಲ. ಜೊತೆಗೆ ಬಂದಿದ್ದ ಅವರ ತಮ್ಮ ಜೇಬಿನಿಂದ ಒಂದು ಟ್ಯಾಗ್ ತೆಗೆದು ಕೊಟ್ಟರು. ಹಸಿರು ಟ್ಯಾಗ್. ಅದರಲ್ಲಿ ಬೇರೆ ಏನೂ ಬರೆದಿರಲಿಲ್ಲ. ರೋಗಿ ಬದುಕಿದರು, ಕಾಲು ಉಳಿಯಲಿಲ್ಲ. ಆ ಖಾಲಿ ಟ್ಯಾಗ್ ನನ್ನನ್ನು ಬಹಳ ದಿನ ಕಾಡಿತು.

ಹಸಿರು ಅಂದರೆ ಏನು ಅಂತ ಗೊತ್ತಲ್ವಾ? ಹೆಚ್ಚು ಕಡೆ ಬಳಸುವ ಸ್ಟಾರ್ಟ್ ಎಂಬ ಟ್ರಯಾಜ್ (ಯಾರಿಗೆ ಮೊದಲು ಚಿಕಿತ್ಸೆ ಅಂತ ಗಾಯಾಳುಗಳನ್ನು ವಿಂಗಡಿಸುವ) ಕ್ರಮ 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಹುಟ್ಟಿತು. ಅಲ್ಲಿನ ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಸೇರಿ ಮಾಡಿದ್ದು. ಮೊದಲ ಹೆಜ್ಜೆಯೇ "ನಡೆಯಲು ಆಗುವವರೆಲ್ಲ ಈ ಕಡೆ ಬನ್ನಿ". ಬಂದವರಿಗೆಲ್ಲ ಹಸಿರು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದೆಯಾ, ಒತ್ತಿ ಬಿಟ್ಟ ಉಗುರಿಗೆ 2 ಸೆಕೆಂಡಿನಲ್ಲಿ ರಕ್ತ ಮರಳುತ್ತದಾ, ಹೇಳಿದ ಮಾತು ಕೇಳುತ್ತಾರಾ ಅಂತ ನೋಡುತ್ತಾರೆ. ಮೊದಲ ಗಂಟೆಗಳಲ್ಲಿ ಸಾಯುವವರನ್ನು ಹುಡುಕಲು ಇದು ಒಳ್ಳೆಯ ದಾರಿ, ನಾನೂ ಅದನ್ನೇ ಕಲಿಸುತ್ತೇನೆ. ಆದರೆ ಇದು ಆ ಕ್ಷಣದ ಲೆಕ್ಕ. ಹಸಿರಿನವರು ನಡೆದುಕೊಂಡು ಹೋಗುತ್ತಾರೆ, ಕೆಸರಿನಲ್ಲೇ ಮನೆ ಶುಚಿ ಮಾಡುತ್ತಾರೆ, ಗಾಯ ಮರೆಯುತ್ತಾರೆ. ಐದನೇ ದಿನವೋ ಹತ್ತನೇ ದಿನವೋ ಬೇರೆ ಊರಿನ ಬೇರೆ ವೈದ್ಯರ ಮುಂದೆ ಕೂರುತ್ತಾರೆ. ನನ್ನ ಕಾರ್ಡ್ ಇರುವುದು ಅವರಿಗೆ.

ಮೊದಲ ಎರಡು ತಿಂಗಳು ಬರೀ ಓದು. ಹಳೆಯ ವರದಿಗಳನ್ನು ತೆಗೆದು, ಸೋಂಕು ಯಾವತ್ತು ಬಂತು, ಅದನ್ನು ಮೊದಲೇ ಊಹಿಸಲು ಯಾವ ಮಾಹಿತಿ ಬೇಕಿತ್ತು ಅಂತ ಬರೆದುಕೊಂಡೆ. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಸುಮಾರು ಒಂದು ತಿಂಗಳಲ್ಲಿ 106 ಜನರಿಗೆ ಧನುರ್ವಾಯು ಬಂತು, 20 ಜನ ತೀರಿಕೊಂಡರು. ಲಸಿಕೆಯಿಂದ ತಡೆಯಬಹುದಾದ ಕಾಯಿಲೆ ಅದು, ಓದುವಾಗ ಹೊಟ್ಟೆ ಉರಿಯಿತು. 2005ರ ಕತ್ರಿನಾ ಚಂಡಮಾರುತದ ನಂತರ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾದಿಂದ 22 ಜನ ಕಾಯಿಲೆ ಬಿದ್ದರು, 5 ಸಾವು. 22ರಲ್ಲಿ 18 ಜನರಿಗೆ ಅದು ಗಾಯದ ಸೋಂಕಾಗಿತ್ತು. 2011ರ ಮೇ 22ರಂದು ಮಿಸ್ಸೂರಿಯ ಜಾಪ್ಲಿನ್ ಊರಿಗೆ ಸುಂಟರಗಾಳಿ ಬಡಿಯಿತಲ್ಲ, ಆಮೇಲೆ 13 ಜನರ ಗಾಯದಲ್ಲಿ ಮ್ಯೂಕರ್ ಬಳಗದ ಶಿಲೀಂಧ್ರ ಬೆಳೆಯಿತು, 5 ಜನ ಉಳಿಯಲಿಲ್ಲ. ಕೋವಿಡ್ ಕಾಲದಲ್ಲಿ ಕಪ್ಪು ಶಿಲೀಂಧ್ರ ಅಂತ ಕೇಳಿದ್ದೆವಲ್ಲ, ಅದೇ ಬಳಗ. ಆಗ ಮೂಗಿನಿಂದ ಒಳಗೆ ಹೋಗುತ್ತಿತ್ತು. ಜಾಪ್ಲಿನ್‌ನಲ್ಲಿ ಗಾಳಿಗೆ ಹಾರಿಬಂದು ಮೈಯೊಳಗೆ ಚುಚ್ಚಿಕೊಂಡ ಮರದ ಚೂರು, ಮಣ್ಣಿನ ಜೊತೆ ಹೋಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಪ್ರತಿ ಸಲ ಯಾರಾದರೂ ಕೇಳುತ್ತಾರೆ. ವಿಪತ್ತಿನಲ್ಲಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹರಡುತ್ತದೆ ಅನ್ನುವುದು ತಪ್ಪು. ಗಾಯದಿಂದ ಸತ್ತವರಲ್ಲಿ ಅಂಥ ರೋಗಾಣು ಸಾಮಾನ್ಯವಾಗಿ ಇರುವುದಿಲ್ಲ. ಈ ಭಯಕ್ಕೆ ಗುರುತು ಹಿಡಿಯದೆ ಗಡಿಬಿಡಿಯಲ್ಲಿ ಸಾಮೂಹಿಕವಾಗಿ ಹೂಳುವುದು ಮನೆಯವರಿಗೆ ಮಾಡುವ ಅನ್ಯಾಯ. ಬದುಕಿ ಉಳಿದವರ ಕುಡಿಯುವ ನೀರು, ಕಕ್ಕಸು, ಗಾಯ, ಇವುಗಳ ಕಡೆ ಗಮನ ಹೋಗಬೇಕು.

ಮೂರನೇ ತಿಂಗಳಲ್ಲಿ ಮೊದಲ ಆವೃತ್ತಿ. 22 ಪ್ರಶ್ನೆ ಇದ್ದವು. ಓದಿದ್ದನ್ನೆಲ್ಲ ಹಾಕಿಬಿಟ್ಟಿದ್ದೆ. ಮಾಕ್ ಡ್ರಿಲ್‌ನಲ್ಲಿ ಒಬ್ಬರ ಕಾರ್ಡ್ ತುಂಬಲು ನಾಲ್ಕು ನಿಮಿಷದ ಮೇಲೆ ಹಿಡಿಯಿತು. ಟ್ರಯಾಜ್ ಒಂದು ನಿಮಿಷದೊಳಗೆ ಮುಗಿಯಬೇಕು, ಹಾಗಿರುವಾಗ ನಾಲ್ಕು ನಿಮಿಷ ಯಾರ ಹತ್ತಿರ ಇರುತ್ತದೆ? ನಮ್ಮ ಹಿರಿಯ ಸಿಸ್ಟರ್ ಕಾರ್ಡ್ ಕೈಲಿ ಹಿಡಿದು, "ಡಾಕ್ಟ್ರೇ, ಇದು ನೀವು ಆಮೇಲೆ ಕೂತು ಬರೆಯೋಕೆ ಬೇಕಾಗಿರೋದು. ನಮಗೆ ಅಲ್ಲಿ ನಿಂತು ಬರೆಯೋಕೆ ಆಗೋದು ಕೊಡಿ" ಅಂದರು. ಆ ಮಾತಿನಿಂದ ಇಡೀ ಕೆಲಸದ ದಿಕ್ಕು ಬದಲಾಯಿತು. ಆಮೇಲೆ ಪ್ರತಿ ಪ್ರಶ್ನೆಗೂ ಒಂದೇ ಪರೀಕ್ಷೆ ಇಟ್ಟೆ: ಈ ಉತ್ತರ ಗೊತ್ತಾದರೆ ಆರನೇ ದಿನದ ವೈದ್ಯರು ಬೇರೆ ಏನಾದರೂ ಮಾಡುತ್ತಾರಾ? ಇಲ್ಲ ಅಂದರೆ ಪ್ರಶ್ನೆ ಔಟ್. ಟ್ರಯಾಜ್ ಜಾಗದಲ್ಲಿ ತುಂಬುವುದನ್ನೂ ಬಿಟ್ಟೆ, ಹಸಿರಿನವರಿಗೆ ಡ್ರೆಸಿಂಗ್ ಮಾಡುವ ಕಡೆ ತುಂಬಿದರೆ ಸಾಕು.

ಈಗ 8 ಉಳಿದಿವೆ. ಎಲ್ಲದರ ಬಗ್ಗೆ ಬರೆಯುವುದಿಲ್ಲ, ಜಾಸ್ತಿ ತಲೆ ತಿಂದವನ್ನು ಹೇಳುತ್ತೇನೆ.

ಗಾಯ ಆದ ಹೊತ್ತು. ಸುಲಭ ಅಂದುಕೊಂಡಿದ್ದೆ. ಡ್ರಿಲ್‌ನಲ್ಲಿ ಜನ "ನಿನ್ನೆ", "ಬೆಳಿಗ್ಗೆ" ಅಂತ ಬರೆದರು. ಮೂರು ದಿನ ಬಿಟ್ಟು ಓದಿದರೆ ಯಾವ ನಿನ್ನೆ? ತಾರೀಕು ಮತ್ತು ಗಂಟೆ ಎಂದು ಎರಡು ಚೌಕ ಕೊಟ್ಟೆ. ಗಂಟೆಯ ಚೌಕ ಖಾಲಿ ಬಂತು. ನೀರಿನಲ್ಲಿ ಸಿಕ್ಕಿಕೊಂಡವರಿಗೆ ಗಡಿಯಾರದ ನೆನಪು ಎಲ್ಲಿರುತ್ತದೆ? ಈಗ ತಾರೀಕು ಬರೆಯುವುದು, ಜೊತೆಗೆ ಕತ್ತಲಿತ್ತಾ ಬೆಳಕಿತ್ತಾ ಅಂತ ಒಂದು ಗುರುತು ಹಾಕುವುದು. ಇದಕ್ಕೆ ಎಲ್ಲರೂ ತಕ್ಷಣ ಉತ್ತರ ಹೇಳುತ್ತಾರೆ.

ಯಾವ ನೀರು. ಸಿಹಿನೀರು, ಉಪ್ಪುನೀರು, ಚರಂಡಿ ಸೇರಿದ ನೀರು, ಮಣ್ಣು ಮಾತ್ರ. ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಸಿಹಿನೀರಿನ ಗಾಯದಲ್ಲಿ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ನೆನಪಾಗಬೇಕು, ಸಮುದ್ರದ ನೀರು ಅಥವಾ ಅಳಿವೆಯ ನೀರು ಅಂದರೆ ವಿಬ್ರಿಯೊ ವಲ್ನಿಫಿಕಸ್. ಎರಡನೆಯದಕ್ಕೆ ಡಾಕ್ಸಿಸೈಕ್ಲಿನ್ ಜೊತೆ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್ ಎಂಬ ಆಂಟಿಬಯಾಟಿಕ್ ಕೊಡುತ್ತೇವೆ, ಅದೂ ತಡ ಮಾಡದೆ, ಯಾಕೆಂದರೆ ಲಿವರ್ ಕೆಟ್ಟಿರುವವರಲ್ಲಿ ಇದು ಗಂಟೆಗಳಲ್ಲಿ ಮೈಗೆ ಏರುತ್ತದೆ. ಪ್ರವಾಹದ ನೀರಿನಲ್ಲಿ ನಡೆದವರಿಗೆ ಜ್ವರ ಬಂದರೆ ಇಲಿಜ್ವರವನ್ನೂ ಯೋಚಿಸಬೇಕು, ಅದು ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಒಂದು ಗುರುತು, ಎಷ್ಟು ಕೆಲಸ ಮಾಡುತ್ತದೆ ನೋಡಿ.

ಆಂಟಿಬಯಾಟಿಕ್ ಚೌಕ ನನಗೆ ದೊಡ್ಡ ಪಾಠ. ಎರಡನೇ ಆವೃತ್ತಿಯಲ್ಲಿ "ಆಂಟಿಬಯಾಟಿಕ್ ಕೊಟ್ಟಿದೆಯಾ?" ಅಂತ ಮೇಲುಗಡೆ ಇಟ್ಟಿದ್ದೆ. ಡ್ರಿಲ್‌ನಲ್ಲಿ ಸ್ವಯಂಸೇವಕರು ಎಲ್ಲರಿಗೂ ಕೊಡಲು ಶುರು ಮಾಡಿದರು. ಕೇಳಿದರೆ, ಕಾರ್ಡಿನಲ್ಲಿ ಇದೆಯಲ್ಲ, ಖಾಲಿ ಬಿಟ್ಟರೆ ತಪ್ಪಾಗುತ್ತದೆ ಅಂದುಕೊಂಡೆವು ಅಂದರು. ಚಿಕ್ಕ, ಶುಚಿಯಾದ ಗಾಯಕ್ಕೆ ಆಂಟಿಬಯಾಟಿಕ್ ಬೇಡ. ಬೇಕಾಗಿರುವುದು ಧಾರಾಳ ನೀರಿನಲ್ಲಿ ತೊಳೆಯುವುದು. ಕುಡಿಯಲು ಯೋಗ್ಯವಾದ ನೀರು ಸಾಕು, ಸಲೈನ್ ಬಾಟಲಿಗೆ ಕಾಯುತ್ತಾ ಕೂರಬೇಕಿಲ್ಲ. ಹಾಗಾಗಿ ಈಗ ಮೊದಲ ಚೌಕ "ತೊಳೆದಿದೆ". ಔಷಧ ಕೊಟ್ಟಿದ್ದರೆ ಹೆಸರು ಬರೆಯಲು ಕೆಳಗೆ ಒಂದು ಗೆರೆ, ಪ್ರಶ್ನೆ ಇಲ್ಲ. ಮುಂದಿನ ಡ್ರಿಲ್‌ನಲ್ಲಿ ತೊಳೆಯುವುದು ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಯ್ತು. ಫಾರಂ ಮಾಡುವವರು ಇದನ್ನು ದಯವಿಟ್ಟು ನೆನಪಿಡಿ, ನೀವು ಕೇಳಿದ್ದನ್ನು ಜನ ಮಾಡುತ್ತಾರೆ.

ಹೊಲಿಗೆ. ಆ ರೋಗಿಯ ಕಾಲು ನೆನಪಿರುವುದರಿಂದ ಈ ಚೌಕದ ಮೇಲೆ ನನಗೆ ಪ್ರೀತಿ ಜಾಸ್ತಿ. ಕೆಸರು ಸೇರಿದ ಗಾಯವನ್ನು ಅವತ್ತೇ ಹೊಲಿದು ಮುಚ್ಚಬಾರದು. ಸತ್ತ ಮಾಂಸ ತೆಗೆದು, ತೊಳೆದು, ತೆರೆದೇ ಡ್ರೆಸಿಂಗ್ ಮಾಡಿ, ನಾಲ್ಕೈದು ದಿನ ಬಿಟ್ಟು ಶುಚಿಯಾಗಿದ್ದರೆ ಆಗ ಹೊಲಿಯಬೇಕು. ಯುದ್ಧದ ಗಾಯ ನೋಡುವ ಸರ್ಜನ್‌ಗಳು ಇದನ್ನು ಬಹಳ ಹಿಂದೆಯೇ ಕಲಿತರು. ಆದರೆ ತೆರೆದ ಗಾಯ ನೋಡಿದರೆ ರೋಗಿಗೆ "ಅರ್ಧ ಕೆಲಸ ಮಾಡಿ ಕಳಿಸಿದರು" ಅನ್ನಿಸುತ್ತದೆ, ಇನ್ನೊಂದು ಕಡೆ ಹೋಗಿ ಹೊಲಿಸಿಕೊಂಡುಬಿಡುತ್ತಾರೆ. ಅದಕ್ಕೆ ಈಗ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ "ಬೇಕೆಂದೇ ತೆರೆದು ಬಿಟ್ಟಿದೆ, ಹೊಲಿಗೆ ಹಾಕುವ ದಿನ:" ಅಂತ ಇದೆ.

ಟಿಟಿ ಚೌಕ ಚಿಕ್ಕದು. ಕೊನೆಯ ಡೋಸ್ ಆಗಿ 5 ವರ್ಷದ ಮೇಲಾಗಿದ್ದರೆ ಕೊಳಕು ಗಾಯಕ್ಕೆ ಮತ್ತೆ ಬೇಕು. ಹಿಂದೆ ಮೂರು ಡೋಸ್ ಆಗಿಲ್ಲ, ಅಥವಾ ಗೊತ್ತೇ ಇಲ್ಲ ಅಂದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಕೂಡ.

ಐದನೇ ತಿಂಗಳು ಪೂರ್ತಿ ಒಂದು ವಾದದಲ್ಲಿ ಹೋಯಿತು. ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ, ಅದನ್ನು ಗುರುತಿಸಲು ಕ್ಯೂಸೋಫಾ ಅಂಕ ಕಾರ್ಡಿನಲ್ಲಿ ಇರಬೇಕಾ? ಉಸಿರು 22 ಅಥವಾ ಜಾಸ್ತಿ, ಮೇಲಿನ ಬಿಪಿ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ವ್ಯತ್ಯಾಸ, ಇಷ್ಟೇ ಅದು. 2016ರಲ್ಲಿ ಬಂದಾಗ ನಮಗೆಲ್ಲ ಇಷ್ಟವಾಗಿತ್ತು, ಲ್ಯಾಬ್ ಬೇಡವಲ್ಲ. ಆದರೆ ಬೇಗ ಹಿಡಿಯಬೇಕಾದ ಹಲವರನ್ನು ಅದು ಬಿಟ್ಟುಬಿಡುತ್ತದೆ. 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿಯೂ ಅದೊಂದನ್ನೇ ನಂಬಿ ಶೋಧ ಮಾಡಬೇಡಿ ಅಂದಿದೆ. ಕೊನೆಗೆ ಅಂಕ ತೆಗೆದೆ, ಉಸಿರಿನ ಸಂಖ್ಯೆ ಬರೆಯುವ ಜಾಗ ಮಾತ್ರ ಇಟ್ಟೆ. ಮೊದಲ ದಿನ 16 ಇದ್ದದ್ದು ಆರನೇ ದಿನ 24 ಆಗಿದೆ ಅಂದರೆ ಯಾವ ವೈದ್ಯರಿಗೂ ಅರ್ಥ ಆಗುತ್ತದೆ.

ಈಗಿನ ದೊಡ್ಡ ಕೆಲಸ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದಾ ಅಂತ ಪರೀಕ್ಷೆ ಮಾಡುವುದು. ವಿಪತ್ತಿಗೆ ಕಾಯುತ್ತಾ ಕೂರುವುದು ಸರಿಯಲ್ಲ. ಹಾಗಾಗಿ ದಿನನಿತ್ಯ ಎಮರ್ಜೆನ್ಸಿಗೆ ಬರುವ ಗಾಯಾಳುಗಳಿಗೆ, ಅವರು ಒಪ್ಪಿದರೆ, ಕಾರ್ಡ್ ಕೊಟ್ಟು 3, 7 ಮತ್ತು 21ನೇ ದಿನ ಫೋನ್ ಮಾಡುತ್ತೇವೆ. 21 ಯಾಕೆಂದರೆ ಧನುರ್ವಾಯು ಸಾಮಾನ್ಯವಾಗಿ ಅಷ್ಟರೊಳಗೆ ತೋರಿಸಿಕೊಳ್ಳುತ್ತದೆ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಎರಡು ಪ್ರಶ್ನೆ ಕೇಳಿದೆ. ಕಾರ್ಡಿನಲ್ಲಿ ರೋಗಿಯ ಕೈಗೆ ಕೊಡುವ ಭಾಗ ಕಳೆದುಹೋದರೆ ಸಿಕ್ಕವರಿಗೆ ಅವರು ಯಾರು ಅಂತ ತಿಳಿಯುತ್ತದಾ? ನೋವಿನಲ್ಲಿರುವವರ ಒಪ್ಪಿಗೆ ನಿಜವಾದ ಒಪ್ಪಿಗೆಯಾ? ಮೊದಲನೆಯದಕ್ಕೆ ಹೆಸರು ತೆಗೆದು ಸಂಖ್ಯೆ ಹಾಕಿದೆ. ಎರಡನೆಯದು ನ್ಯಾಯವಾದ ಪ್ರಶ್ನೆ. ಡ್ರೆಸಿಂಗ್ ಮುಗಿದು, ನೋವು ಇಳಿದ ಮೇಲೆ ಮತ್ತೊಮ್ಮೆ ಕೇಳುವುದು, ಬೇಡ ಅಂದರೆ ಮಾಹಿತಿ ಅಳಿಸಿ ಕಾರ್ಡ್ ಮಾತ್ರ ಅವರಿಗೇ ಕೊಡುವುದು ಅಂತ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಉಳಿದಿರುವುದು ಹಿಂಭಾಗದ ಚಿತ್ರಗಳು. ಓದಲು ಬಾರದವರಿಗೂ "ಹೀಗಾದರೆ ತಕ್ಷಣ ಬನ್ನಿ" ಅಂತ ತಿಳಿಯಬೇಕು. ಹರಡುವ ಕೆಂಪು, ಜ್ವರ, ಕೆಟ್ಟ ವಾಸನೆ, ಇವೆಲ್ಲ ತೋರಿಸಿದವರಿಗೆ ಅರ್ಥವಾದವು. ಗಾಯ ಚಿಕ್ಕದಾಗಿ ಕಂಡರೂ ತಡೆಯಲಾರದ ನೋವು ಅನ್ನುವುದು ಅತಿ ಮುಖ್ಯ, ಮಾಂಸ ಕೊಳೆಯುವ ಸೋಂಕಿನ ಮೊದಲ ಸುಳಿವು ಹಲವು ಸಲ ಅದೇ. ಅದನ್ನು ಬಿಡಿಸುವುದು ಕಷ್ಟವಾಯಿತು, ಆದರೂ ಒಂದು ದಾರಿ ಸಿಕ್ಕಿದೆ: ಚಿಕ್ಕ ಗಾಯ, ಪಕ್ಕದಲ್ಲಿ ನೋವಿಗೆ ಮುಖ ಹಿಂಡಿದ ದೊಡ್ಡ ಚಿತ್ರ. ಧನುರ್ವಾಯುವಿನ ಲಕ್ಷಣವಾದ ಬಾಯಿ ತೆರೆಯಲು ಆಗದಿರುವುದು ಮಾತ್ರ ಇನ್ನೂ ಸರಿಹೋಗಿಲ್ಲ. ತೋರಿಸಿದ ಏಳು ಜನರಲ್ಲಿ ಐದು ಜನ ಹಲ್ಲುನೋವು ಅಂದರು. ಕೆನ್ನೆಯ ಮೇಲಿನ ಕೈ ತೆಗೆದು, ತುಟಿಯ ಹತ್ತಿರ ಬಂದು ಅಲ್ಲೇ ನಿಂತ ಚಮಚ ಇಟ್ಟು ಹೊಸದಾಗಿ ಬಿಡಿಸಿದ್ದೇನೆ. ಶನಿವಾರ ವೇಟಿಂಗ್ ಹಾಲ್‌ನಲ್ಲಿ ಕೂತವರಿಗೆ ತೋರಿಸುತ್ತೇನೆ.