ಚಳಿಗಾಲದಲ್ಲಿ ಆರ್ಕಿಡ್ ಒಳಗೆ ತರಬೇಕಾ?

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಗೆಳೆಯರಿಂದ ಒಂದೇ ಪ್ರಶ್ನೆ: "ತಾರಸಿಯಲ್ಲಿರೋ ಆರ್ಕಿಡ್‌ಗಳನ್ನು ಚಳಿಗೆ ಒಳಗೆ ತರಬೇಕಾ?" ಎಲ್ಲವನ್ನೂ ತರಬೇಡಿ. ಕೆಲವಕ್ಕೆ ಆ ಚಳಿಯೇ ಬೇಕು.

ನಮ್ಮ ಚಳಿಯಾದರೂ ಎಷ್ಟು? ಜನವರಿ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ, ಜಾಸ್ತಿ ಚಳಿಯಾದರೆ 12ರ ಆಸುಪಾಸು. ದಾಖಲೆ 7.8 ಡಿಗ್ರಿ, ಅದೂ 1884ರಲ್ಲಿ. ಸಿಂಬಿಡಿಯಂ, ನೋಬಿಲೆ ಜಾತಿಯ ಡೆಂಡ್ರೋಬಿಯಂ ಎಂಬ ಆರ್ಕಿಡ್‌ಗಳಿಗೆ ಇದು ಹಬ್ಬ. ರಾತ್ರಿ ತಂಪು ಸಿಗದಿದ್ದರೆ ಇವು ಸರಿಯಾಗಿ ಮೊಗ್ಗೇ ಬಿಡುವುದಿಲ್ಲ. ನೋಬಿಲೆಗೆ ಈ ತಿಂಗಳುಗಳಲ್ಲಿ ಗೊಬ್ಬರ ನಿಲ್ಲಿಸಿ, ನೀರೂ ಕಡಿಮೆ ಮಾಡಿ. ಪ್ರೀತಿ ಉಕ್ಕಿ ಗೊಬ್ಬರ ಹಾಕುತ್ತಾ ಹೋದರೆ ಹೂ ಬರಬೇಕಾದ ಗೆಣ್ಣಿನಲ್ಲಿ ಮರಿ ಗಿಡ ಬರುತ್ತದೆ.

ಚಳಿ ಆಗದಿರುವುದು ಫಲನಾಪ್ಸಿಸ್‌ಗೆ, ವಾಂಡಾಗೆ, ಮತ್ತೆ ಹೂವಿನಂಗಡಿಯಲ್ಲಿ ಕಾಣುವ ಆ ನೇರಳೆ ಡೆಂಡ್ರೋಬಿಯಂಗೆ. 15ಕ್ಕಿಂತ ಕೆಳಗಿನ ರಾತ್ರಿಗಳು ಸಾಲಾಗಿ ಬಂದರೆ ಮೊಗ್ಗು ಹಳದಿಯಾಗಿ ಉದುರುತ್ತದೆ, ಎಲೆಯೂ ಬೀಳಬಹುದು. ಹಾಗಂತ ಇವನ್ನೂ ಮನೆಯೊಳಗೇ ತರಬೇಕಿಲ್ಲ. ಸಂಜೆಯವರೆಗೆ ಬಿಸಿಲು ಕುಡಿದ ಪಶ್ಚಿಮದ ಗೋಡೆಯ ಹತ್ತಿರ, ಸಜ್ಜದ ಕೆಳಗೆ ಸರಿಸಿ. ಮೋಡವಿಲ್ಲದ ರಾತ್ರಿ ಬಯಲಲ್ಲಿರುವ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತಲೆ ಮೇಲೊಂದು ಮರೆ ಇದ್ದರೆ ಅಷ್ಟು ಆಗುವುದಿಲ್ಲ.

ನನ್ನನ್ನು ಕೇಳಿದರೆ ಚಳಿಗಿಂತ ಸಂಜೆ ಹಾಕುವ ನೀರೇ ಜಾಸ್ತಿ ಗಿಡ ಕೊಲ್ಲುತ್ತದೆ. ತಂಪಿನಲ್ಲಿ ಬೇರು ನೀರು ಹೀರುವುದು ನಿಧಾನ. ಫಲನಾಪ್ಸಿಸ್‌ನ ಸುಳಿಯಲ್ಲಿ ನಿಂತ ನೀರು ರಾತ್ರಿಯೆಲ್ಲಾ ಆರುವುದಿಲ್ಲ, ಸುಳಿ ಕೊಳೆಯುತ್ತದೆ. ಬಿಸಿಲು ಬಂದ ಮೇಲೆ ನೀರು ಹಾಕಿ. ತಾರಸಿ ಟ್ಯಾಂಕಿನ ಕೊರೆಯುವ ನೀರನ್ನು ಎಲೆ ಮೇಲೆ ನೇರ ಸುರಿದರೆ ಗುಳಿ ಬಿದ್ದಂಥ ಕಲೆಗಳಾಗುತ್ತವೆ. ಬಕೆಟ್‌ನಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಸಿಲಿಗಿಡಿ. ಮಲೆನಾಡಿನ ಮರಗಳ ಮೇಲಿನ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್‌ಗೆ ಮಾಗಿಯಲ್ಲಿ ಯಾರು ನೀರು ಹಾಕುತ್ತಾರೆ? ಇಬ್ಬನಿಯಲ್ಲೇ ಕಾಲ ತಳ್ಳಿ, ಮುಂಗಾರಿನ ಹೊತ್ತಿಗೆ ಹೂ ಬಿಡುತ್ತದೆ ಅಲ್ವಾ!

ಪ್ಲಾಸ್ಟಿಕ್ ಹೊದಿಸುವುದು ನನಗಿಷ್ಟವಿಲ್ಲ. ಒಳಗೆಲ್ಲಾ ಬೆವರಿ ಎಲೆ ಒದ್ದೆಯಾಗುತ್ತದೆ. ಬೆಳಗ್ಗೆ ತೆಗೆಯಲು ಮರೆತರೆ ಬಿಸಿಲಿಗೆ ಗಿಡ ಬೆಂದೇ ಹೋಗುತ್ತದೆ. ಹೊದಿಸಲೇಬೇಕೆಂದರೆ ಹಳೇ ಪಂಚೆ ಸಾಕು.

ಊಟಿ ಕಡೆ ಇರುವವರು ಮಾತ್ರ ಈ ಉತ್ತರ ನಂಬಿ ಸುಮ್ನೆ ಕೂರಬೇಡಿ. ಅಲ್ಲಿ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಸಿಂಬಿಡಿಯಂ ಕೂಡ ಅಂಥ ರಾತ್ರಿ ಸೂರಿನ ಕೆಳಗೇ ಇರಬೇಕು.