ತೂಕ ಇಳಿಸುವ ಮಾತಿಗಿಂತ ಮೊದಲು

ತೂಕ ಇಳಿಸುವುದು ಹೇಗೆ ಎಂದು ಕೇಳುವವರು ಎಲ್ಲೆಲ್ಲೂ ಸಿಗುತ್ತಾರೆ. ತೂಕ ಏರದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳುವವರನ್ನು ನಾನು ಕಂಡದ್ದು ತೀರಾ ಅಪರೂಪ. ಮೊದಲನೆಯ ಪ್ರಶ್ನೆಗೆ ಪುಸ್ತಕಗಳಿವೆ, ಮೊಬೈಲ್ ಆ್ಯಪ್‌ಗಳಿವೆ, ಶಿಬಿರಗಳಿವೆ, ಈಚೆಗೆ ಚುಚ್ಚುಮದ್ದುಗಳೂ ಬಂದಿವೆ. ಎರಡನೆಯದಕ್ಕೆ ಡಬ್ಬಿಯಲ್ಲಿ ತುಂಬಿ ಮಾರಬಹುದಾದ ಉತ್ತರವಿಲ್ಲ, ಆದ್ದರಿಂದ ಅದಕ್ಕೆ ಜಾಹೀರಾತೂ ಇಲ್ಲ. ಬೊಜ್ಜಿನ ಕುರಿತು ಹಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತಾ ಬಂದಿರುವ ನನಗೆ ಒಂದು ವಿಷಯ ಖಚಿತವಾಗಿದೆ: ಇವೆರಡೂ ಬೇರೆಬೇರೆ ಕೆಲಸಗಳು, ಮತ್ತು ಏರದಂತೆ ತಡೆಯುವ ಕೆಲಸ ಏರಿದ್ದನ್ನು ಇಳಿಸುವ ಕೆಲಸಕ್ಕಿಂತ ಎಷ್ಟೋ ಹಗುರವಾದದ್ದು.

ಇದಕ್ಕೆ ಕಾರಣ ನಮ್ಮ ಶರೀರದ ಒಳಗೇ ಇದೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್ಮನ್ ಮತ್ತು ಅವರ ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆ ಮಾಡಿದರು. ಕೊಬ್ಬಿನ ಕೋಶಗಳೇ ಸ್ರವಿಸುವ ಈ ಹಾರ್ಮೋನು, ಶರೀರದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂಬುದನ್ನು ಮಿದುಳಿಗೆ ತಿಳಿಸುತ್ತಿರುತ್ತದೆ. ದಾಸ್ತಾನು ಕರಗಿ ಲೆಪ್ಟಿನ್ ಕಡಿಮೆಯಾದೊಡನೆ ಮಿದುಳು ಅದನ್ನು ಬರಗಾಲದ ಸೂಚನೆಯೆಂದೇ ಓದಿಕೊಂಡು ಹಸಿವನ್ನು ಹೆಚ್ಚಿಸುತ್ತದೆ ಮತ್ತು ಶಕ್ತಿಯ ಖರ್ಚಿಗೆ ಕಡಿವಾಣ ಹಾಕುತ್ತದೆ. ಆದರೆ ದಾಸ್ತಾನು ಏರುತ್ತಾ ಹೋದಾಗ ಅದೇ ಬಿಗಿಯಲ್ಲಿ ಹಸಿವನ್ನು ತಗ್ಗಿಸುವುದಿಲ್ಲ. ಉಪವಾಸ ಬಿದ್ದು ಸಾಯುವ ಭಯವೇ ದೊಡ್ಡದಾಗಿದ್ದ ಕಾಲದಲ್ಲಿ ರೂಪುಗೊಂಡ ವ್ಯವಸ್ಥೆ ಹೀಗಿರುವುದು ಸಹಜವೇ ಸರಿ. ದೊಡ್ಡವರಾದ ಮೇಲೆ ತೂಕ ಇಳಿಸಿಕೊಂಡರೂ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಪ್ರತಿಯೊಂದು ಕೋಶ ಕುಗ್ಗುತ್ತದೆ ಅಷ್ಟೆ. ಅಮೆರಿಕದ ಒಂದು ಟಿ.ವಿ. ಸ್ಪರ್ಧೆಯಲ್ಲಿ ಅಪಾರ ತೂಕ ಇಳಿಸಿಕೊಂಡಿದ್ದ 14 ಮಂದಿಯನ್ನು 6 ವರ್ಷಗಳ ನಂತರ ಪರೀಕ್ಷಿಸಿದಾಗ, ಬಹುತೇಕ ಎಲ್ಲರ ತೂಕವೂ ಮತ್ತೆ ಏರಿತ್ತು. ಅಷ್ಟಾದರೂ ವಿಶ್ರಾಂತಿಯಲ್ಲಿದ್ದಾಗ ಅವರ ಶರೀರ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ನಿರೀಕ್ಷಿಸಬಹುದಾದದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆಯಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ಮೇಲೆ, ಇಳಿಸಿದ ತೂಕ ಮರಳಿ ಬಂದವರನ್ನು ಕಂಡು ಮನೋಬಲ ಸಾಲದು ಎಂದು ಮೂಗು ಮುರಿಯುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನೊಂದು ಕಡೆ, ತೂಕ ಏರುವ ರೀತಿಯನ್ನು ಗಮನಿಸಿ. ಹೆಚ್ಚಿನ ಜನರಲ್ಲಿ ಅದು ವರ್ಷಕ್ಕೆ ಅರ್ಧ ಕಿಲೊ, ಬಹಳವೆಂದರೆ ಒಂದು ಕಿಲೊದಂತೆ ಸದ್ದಿಲ್ಲದೆ ಸೇರುತ್ತದೆ. ಒಂದು ವರ್ಷದಲ್ಲಿ ಅದು ಬಟ್ಟೆಯಲ್ಲೂ ಕಾಣದು, ಕನ್ನಡಿಯಲ್ಲೂ ಕಾಣದು. ಇಪ್ಪತ್ತು ವರ್ಷಗಳಾದಾಗ ಹತ್ತರಿಂದ ಇಪ್ಪತ್ತು ಕಿಲೊ ಆಗಿರುತ್ತದೆ. ಇದರ ಹಿಂದಿರುವ ದೈನಂದಿನ ವ್ಯತ್ಯಾಸ ಬಹಳ ಚಿಕ್ಕದು. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ದಿನಕ್ಕೆ ಸುಮಾರು 24 ಕ್ಯಾಲೊರಿ ಹೆಚ್ಚಿಗೆ ತಿನ್ನುವುದು ಶಾಶ್ವತವಾದ ಅಭ್ಯಾಸವಾದರೆ ದೇಹದ ತೂಕ ಕ್ರಮೇಣ ಒಂದು ಕಿಲೊ ಏರಿ ಅಲ್ಲಿ ನಿಲ್ಲುತ್ತದೆ. ಅದರ ಅರ್ಧ ಮೊದಲ ವರ್ಷದಲ್ಲೇ ಬಂದಿರುತ್ತದೆ. 24 ಕ್ಯಾಲೊರಿ ಎಂದರೆ 6 ಗ್ರಾಂ ಸಕ್ಕರೆ. ದಿನಕ್ಕೆ ಮೂರು ಸಲ ಚಹಾವನ್ನೋ ಕಾಫಿಯನ್ನೋ ಎರಡೆರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿಯುವವರ ಹೊಟ್ಟೆಗೆ ಅಷ್ಟರಿಂದಲೇ ಸುಮಾರು 25 ಗ್ರಾಂ, ಅಂದರೆ 100 ಕ್ಯಾಲೊರಿ ಸೇರುತ್ತದೆ. ಹೊರಗಿನಿಂದ ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು, ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2,000 ಕ್ಯಾಲೊರಿ ಬೇಕಾದವರಿಗೆ ಆ ಶೇಕಡಾ 5 ಎಂದರೆ ಇದೇ 25 ಗ್ರಾಂ. ಬಿಸ್ಕತ್ತು, ಸಿಹಿತಿಂಡಿ, ತಂಪು ಪಾನೀಯಗಳ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಅಳತೆಯ ವಿಷಯ. ಕಿಲೊಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ 25 ಅಥವಾ ಹೆಚ್ಚಿದ್ದರೆ ಅಧಿಕ ತೂಕ, 30 ಅಥವಾ ಹೆಚ್ಚಿದ್ದರೆ ಬೊಜ್ಜು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ. ಏಷ್ಯಾ ಮೂಲದವರಲ್ಲಿ ಅಪಾಯ 23ರ ಆಸುಪಾಸಿನಲ್ಲೇ ಏರತೊಡಗುತ್ತದೆ. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇಕಡಾ 43ರಷ್ಟು ಮಂದಿ ಅಧಿಕ ತೂಕದವರಾಗಿದ್ದರು, ಶೇಕಡಾ 16ರಷ್ಟು ಮಂದಿಗೆ ಬೊಜ್ಜು ಇತ್ತು. ಆದರೆ ಈ ಸೂತ್ರ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟೆಲೆ ಜನಸಮೂಹದ ಸರಾಸರಿಯನ್ನು ಅರಿಯಲು ಮಾಡಿಕೊಂಡದ್ದು. ತೂಕ ಸ್ನಾಯುವಿನದೋ ಕೊಬ್ಬಿನದೋ, ಆ ಕೊಬ್ಬು ಎಲ್ಲಿ ಕುಳಿತಿದೆ ಎಂಬುದನ್ನು ಅದು ಹೇಳದು. ಹೊಟ್ಟೆಯೊಳಗೆ ಯಕೃತ್ತು, ಕರುಳುಗಳ ಸುತ್ತ ಸೇರುವ ಕೊಬ್ಬೇ ಮಧುಮೇಹಕ್ಕೂ ಹೃದ್ರೋಗಕ್ಕೂ ಹೆಚ್ಚು ದಾರಿ ಮಾಡಿಕೊಡುವುದರಿಂದ, ನನಗೆ ತಕ್ಕಡಿಗಿಂತ ಟೇಪಿನ ಮೇಲೆ ನಂಬಿಕೆ ಜಾಸ್ತಿ. ಟೇಪನ್ನು ಪ್ಯಾಂಟಿನ ಪಟ್ಟಿ ಕೂರುವ ಜಾಗದಲ್ಲಿ ಹಿಡಿದರೆ ಅಳತೆ ತಪ್ಪುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ ಅಳೆಯಬೇಕು. ಆ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಈಗ ಊಟದ ಮಾತಿಗೆ ಬರುತ್ತೇನೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ ತಲಾ 4 ಎಂಬ ಪಾಠವನ್ನು ಶಾಲೆಯಲ್ಲೇ ಓದಿರುತ್ತೇವೆ. ಅದು ಸರಿಯೇ, ಆದರೆ ನಾವು ಎಷ್ಟು ತಿಂದು ಕೈ ತೊಳೆಯುತ್ತೇವೆ ಎಂಬುದನ್ನು ಅದು ವಿವರಿಸುವುದಿಲ್ಲ. ಅದನ್ನು ವಿವರಿಸುವ ಪ್ರಯೋಗವನ್ನು ಅದೇ ಕೆವಿನ್ ಹಾಲ್ ಅವರ ತಂಡ 2019ರಲ್ಲಿ ಪ್ರಕಟಿಸಿತು. ಇಪ್ಪತ್ತು ಮಂದಿಯನ್ನು ನಾಲ್ಕು ವಾರ ಸಂಶೋಧನಾ ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಹೆಚ್ಚು ಸಂಸ್ಕರಿಸದ ಸಾಮಾನ್ಯ ಆಹಾರವನ್ನೂ ಕೊಟ್ಟರು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರಿನಂಶಗಳನ್ನು ಸಾಧ್ಯವಾದಷ್ಟು ಸರಿಸಮಾನವಾಗಿ ಹೊಂದಿಸಿ, ಎಷ್ಟು ಬೇಕೋ ಅಷ್ಟು ತಿನ್ನಿ ಎಂದು ಬಿಟ್ಟಿದ್ದರು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು, ಎರಡು ವಾರಗಳಲ್ಲಿ ಸರಾಸರಿ 0.9 ಕಿಲೊ ಏರಿದರು. ಇನ್ನೊಂದು ಆಹಾರದಲ್ಲಿ ಅಷ್ಟೇ ಇಳಿದರು. ಇಷ್ಟು ಕಡಿಮೆ ಜನರ ಮೇಲೆ, ಇಷ್ಟು ಕಡಿಮೆ ಕಾಲ ನಡೆದ ಪ್ರಯೋಗದಿಂದ ಎಲ್ಲವನ್ನೂ ತೀರ್ಮಾನಿಸುವಂತಿಲ್ಲ, ನಿಜ. ಆದರೂ ಹೊಟ್ಟೆ ತುಂಬಿತು ಎಂಬ ಸಂದೇಶ ಮಿದುಳಿಗೆ ತಲುಪುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ ಎಂಬ, ನಮಗೆಲ್ಲ ಅನುಭವಕ್ಕೆ ಬಂದಿರುವ ಸಂಗತಿಗೆ ಅದು ಹೊಂದಿಕೊಳ್ಳುತ್ತದೆ. ಅಗಿಯಬೇಕಾದ, ನೀರೂ ನಾರೂ ಇರುವ ತರಕಾರಿ, ಇಡೀ ಧಾನ್ಯ, ಕಾಳು, ಹಣ್ಣುಗಳಿಗೆ ಈ ತೊಂದರೆ ಕಡಿಮೆ. ಹಣ್ಣು ಮತ್ತು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಇರಲಿ ಎಂಬ ಸಲಹೆಯನ್ನು ಪಾಲಿಸಿದರೆ, ತಟ್ಟೆಯಲ್ಲಿ ಉಳಿದದ್ದಕ್ಕೆ ಜಾಗ ತಾನಾಗಿಯೇ ಕಡಿಮೆಯಾಗುತ್ತದೆ.

ಕುಡಿಯುವ ಸಿಹಿಯ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. 330 ಮಿಲಿಲೀಟರಿನ ಒಂದು ಸಿಹಿ ತಂಪು ಪಾನೀಯದಲ್ಲಿ ಸಾಮಾನ್ಯವಾಗಿ 35 ಗ್ರಾಂನಷ್ಟು ಸಕ್ಕರೆ ಇರುತ್ತದೆ, ಮತ್ತು ಅದನ್ನು ಕುಡಿದವರು ಮುಂದಿನ ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ. ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಇದೇ ಸಾಲಿಗೆ ಸೇರಿಸಿದೆ; ಹಣ್ಣನ್ನು ಹಣ್ಣಾಗಿಯೇ ತಿನ್ನುವುದು ಮೇಲು. ಪೊಟ್ಟಣದ ತಿನಿಸು ಕೊಳ್ಳುವಾಗ ಮುಂಬದಿಯ ಚಿತ್ರವನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆ ಮೂರನೆಯ ಸ್ಥಾನದಲ್ಲಿ ಕಂಡರೂ, ಸ್ವಲ್ಪ ಕೆಳಗೆ ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳಲ್ಲಿ ಅದರ ಬಂಧುಬಳಗ ಕುಳಿತಿರುತ್ತದೆ. ಕ್ಯಾಲೊರಿಯ ಅಂಕಿ ಇಡೀ ಪೊಟ್ಟಣಕ್ಕೋ, ತಯಾರಕರು ತಾವೇ ನಿಗದಿ ಮಾಡಿದ ಎರಡು ತುಣುಕಿನ ಪಾಲಿಗೋ ಎಂಬುದನ್ನೂ ನೋಡಬೇಕು.

ವ್ಯಾಯಾಮದ ವಿಷಯದಲ್ಲಿ ಜನರಿಗೆ ಸುಳ್ಳು ಭರವಸೆ ಕೊಡುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. 70 ಕಿಲೊ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 300 ಕ್ಯಾಲೊರಿ. ಅದನ್ನು ಬಿಸ್ಕತ್ತಿನ ರೂಪದಲ್ಲಿ ಐದು ನಿಮಿಷಗಳಲ್ಲಿ ವಾಪಸು ಪಡೆಯಬಹುದು. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಸಮುದಾಯದವರು ದಿನವಿಡೀ ಓಡಾಡುವವರಾದರೂ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ ಅವರ ದಿನದ ಒಟ್ಟು ಶಕ್ತಿಯ ಖರ್ಚು ಕುರ್ಚಿಯಲ್ಲಿ ಕುಳಿತು ದುಡಿಯುವವರಷ್ಟೇ ಇದೆ ಎಂದು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಹಾಗಾದರೆ ವ್ಯಾಯಾಮ ಏಕೆ? ಏಕೆಂದರೆ ತೂಕ ಇಳಿಸುವುದರಲ್ಲಿ ಹಿಂದೆ ಬೀಳುವ ವ್ಯಾಯಾಮ, ತೂಕವನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವುದರಲ್ಲಿ ಮುಂದೆ ಬರುತ್ತದೆ. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಒಂದು ನೋಂದಣಿಯಲ್ಲಿ, 13.6 ಕಿಲೊ ಅಥವಾ ಅದಕ್ಕಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಅದನ್ನು ಉಳಿಸಿಕೊಂಡವರ ದಾಖಲೆಯಿದೆ; ಅವರ ಆಹಾರಪದ್ಧತಿಗಳು ಬೇರೆಬೇರೆಯಾದರೂ ಹೆಚ್ಚಿನವರು ದಿನಕ್ಕೆ ಸರಾಸರಿ ಒಂದು ಗಂಟೆಯ ದೈಹಿಕ ಚಟುವಟಿಕೆಯನ್ನು ಬಿಟ್ಟವರಲ್ಲ.

ಚಟುವಟಿಕೆಯ ಕುರಿತಾದ ಸಂಶೋಧನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಲಂಡನ್ ಬಸ್ಸುಗಳದು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು, ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ, ಟಿಕೆಟ್ ಕೊಡಲು ಮಹಡಿಗೆ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತುವ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದರು. ಮೂರು ವರ್ಷಗಳ ನಂತರ ಅವರ ತಂಡ ಸಂಸ್ಥೆಯ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿದಾಗ ಚಾಲಕರ ಪ್ಯಾಂಟಿನ ಸೊಂಟದಳತೆ ನಿರ್ವಾಹಕರದಕ್ಕಿಂತ ದೊಡ್ಡದಿರುವುದು ಕಂಡಿತು. ದರ್ಜಿಯ ಪಟ್ಟಿಯನ್ನು ವೈದ್ಯಕೀಯ ದಾಖಲೆಯಾಗಿ ಓದಿದ ಆ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ. ಆದರೆ ಸೊಂಟ ದಪ್ಪವಿದ್ದವರೇ ಕೂರುವ ಕೆಲಸವನ್ನು ಆರಿಸಿಕೊಂಡಿರಬಹುದಲ್ಲವೇ ಎಂಬ ಪ್ರಶ್ನೆಯೂ ಅದರೊಡನೆಯೇ ಏಳುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಮಾರಿಸ್ ತಾವು ಮಾತ್ರ ವ್ಯಾಯಾಮವನ್ನು ಬಿಡದೆ 99 ವರ್ಷ ಬದುಕಿದರು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮಾತನಾಡಲು ಸಾಧ್ಯ, ಹಾಡಲು ಸಾಧ್ಯವಿಲ್ಲ ಎನ್ನುವಷ್ಟು ಉಸಿರೇರಿದರೆ ಅದು ಸಾಧಾರಣ ಬಿರುಸು. ನಡಿಗೆಯೊಂದನ್ನೇ ನೆಚ್ಚಿಕೊಂಡವರು ಸಾಮಾನ್ಯವಾಗಿ ಎರಡನೆಯ ಸಲಹೆಯನ್ನು ಕಡೆಗಣಿಸುತ್ತಾರೆ. ನಡುವಯಸ್ಸಿನಿಂದ ಸ್ನಾಯು ಕರಗುತ್ತಾ ಹೋಗುವುದರಿಂದ, ತಕ್ಕಡಿಯ ಅಂಕಿ ಬದಲಾಗದಿದ್ದರೂ ಒಳಗೆ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದಿರಬಹುದು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಇವುಗಳಿಂದ ಆರಂಭಿಸಲು ಯಾವ ಉಪಕರಣವೂ ಬೇಕಾಗಿಲ್ಲ. ನಿದ್ದೆಯನ್ನೂ ಇಲ್ಲೇ ಸೇರಿಸುತ್ತೇನೆ: ನಿದ್ದೆಗೆಟ್ಟವರು ಮರುದಿನ ಹೆಚ್ಚು ತಿನ್ನುತ್ತಾರೆ.

ನಾನು ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ, ಏನನ್ನೂ ತಿನ್ನುವ ಮೊದಲು. ಉಪ್ಪು ಮತ್ತು ನೀರಿನ ಏರುಪೇರಿನಿಂದಲೇ ತೂಕ ಒಂದು ದಿನದಲ್ಲಿ ಒಂದು ಕಿಲೊ ಆಚೀಚೆ ಆಗುವುದರಿಂದ ದಿನದಿನದ ಅಂಕಿಗೆ ಬೆಲೆಯಿಲ್ಲ. ಆದರೆ ಸತತವಾಗಿ ಎರಡು ಕಿಲೊ ಮೇಲೆ ನಿಂತಿತೆಂದರೆ ಅಂದೇ ಎಚ್ಚರಗೊಳ್ಳುತ್ತೇನೆ, ಏಕೆಂದರೆ ಎರಡು ಕಿಲೊವನ್ನು ಶರೀರ ಹೆಚ್ಚು ತಕರಾರಿಲ್ಲದೆ ಬಿಟ್ಟುಕೊಡುತ್ತದೆ, ಇಪ್ಪತ್ತನ್ನು ಬಿಡುವುದಿಲ್ಲ. ಊಟದಲ್ಲಿ ಬದಲಾವಣೆಯಿಲ್ಲದೆ ತೂಕ ಬೇಗ ಏರುತ್ತಿದ್ದರೆ ಥೈರಾಯ್ಡ್ ತೊಂದರೆಯೋ, ಸ್ಟೀರಾಯ್ಡ್‌ನಂಥ ಔಷಧಿಯೋ ಕಾರಣವಿರಬಹುದು. ಅದನ್ನು ವೈದ್ಯರೇ ನೋಡಬೇಕು.

ಈಗಾಗಲೇ ಬಹಳ ಏರಿಬಿಟ್ಟಿದೆ ಎನ್ನುವವರಿಗೂ ತಡೆಯುವ ಕೆಲಸ ಮುಗಿದಿಲ್ಲ, ತಡೆಯಬೇಕಾದದ್ದು ಬೇರೆಯಾಗುತ್ತದೆ. ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಇಟ್ಟಿದ್ದ ಗುರಿ ಇಷ್ಟೇ: ದೇಹದ ತೂಕದ ಶೇಕಡಾ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷದ ನಡಿಗೆಯಂಥ ವ್ಯಾಯಾಮ. ಸುಮಾರು ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಮಧುಮೇಹಕ್ಕೆ ತುತ್ತಾಗುವವರ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಶೇಕಡಾ 31ರಷ್ಟು. 60 ದಾಟಿದವರಲ್ಲಿ ಊಟ ಮತ್ತು ವ್ಯಾಯಾಮದಿಂದಾದ ಪ್ರಯೋಜನ ಇನ್ನೂ ಹೆಚ್ಚಿತ್ತು, ಆದ್ದರಿಂದ ವಯಸ್ಸಾಯಿತು ಇನ್ನೇನು ಮಾಡಿ ಏನು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.